ಜಿಲ್ಲೆಯ ಆದಾಯ ಯಾರ ಕೈ ಸೇರುತ್ತದೆ? ವಲಯವಾರು ಲೆಕ್ಕ ಹಾಕುವ ಕ್ರಮ

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಯರಮರಸ್‌ನಲ್ಲಿ 1,600 ಮೆಗಾವ್ಯಾಟ್‌ನ ಇನ್ನೊಂದಿದೆ. ಹಟ್ಟಿಯಲ್ಲಿ ಚಿನ್ನದ ಗಣಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ನಾಲೆಯ ಭತ್ತ. ಇಷ್ಟಿದ್ದೂ ದೇವದುರ್ಗ ತಾಲ್ಲೂಕು, ಪ್ರಾದೇಶಿಕ ಅಸಮಾನತೆ ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ‘ಅತ್ಯಂತ ಹಿಂದುಳಿದ’ ಪಟ್ಟಿಯಲ್ಲಿತ್ತು. ಜಿಲ್ಲೆಯ ಹಳ್ಳಿಗಳಿಂದ ಬೆಂಗಳೂರು, ಹೈದರಾಬಾದಿಗೆ ಗುಳೆ ಹೋಗುವುದು ನಿಂತಿಲ್ಲ. ಇದರಲ್ಲಿ ಒಗಟೇನೂ ಇಲ್ಲ. ವಿದ್ಯುತ್ ಸ್ಥಾವರ ಬಂಡವಾಳ ನುಂಗುತ್ತದೆ, ಆಳು ಕಡಿಮೆ ಕೇಳುತ್ತದೆ. ಕಲ್ಲಿದ್ದಲು ಹೊರಗಿನಿಂದ ಬರುತ್ತದೆ, ಕರೆಂಟು ಹೊರಗೆ ಹೋಗುತ್ತದೆ. ಉತ್ಪಾದನೆ ಜಿಲ್ಲೆಯ ಲೆಕ್ಕಕ್ಕೆ ಬೀಳುತ್ತದೆ, ಹಣದ ದೊಡ್ಡ ಪಾಲು ಮತ್ತೆಲ್ಲಿಗೋ ಹೋಗುತ್ತದೆ.

ಜಿಲ್ಲೆಯಲ್ಲಿ ಹುಟ್ಟಿದ ಆದಾಯ ಬೇರೆ, ಜಿಲ್ಲೆಯ ಜನರ ಕೈ ಸೇರಿದ ಆದಾಯ ಬೇರೆ. ಸರ್ಕಾರ ಪ್ರಕಟಿಸುವುದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ಅಂದಾಜು ಮಾಡಲು ಹೂಡಿಕೆ, ಉದ್ಯೋಗ, ಕೂಲಿ-ಲಾಭದ ಹಂಚಿಕೆ ಮೂರನ್ನೂ ವಲಯವಾರು ಬಿಡಿಸಿ ಅಕ್ಕಪಕ್ಕ ಇಡಬೇಕು. ಪತ್ರಕರ್ತರು, ಪಂಚಾಯಿತಿ ಸದಸ್ಯರು, ಸಂಶೋಧನಾ ವಿದ್ಯಾರ್ಥಿಗಳು ಒಂದು ಎಕ್ಸೆಲ್ ಹಾಳೆಯಲ್ಲಿ ಮಾಡಬಹುದಾದ ಕೆಲಸವಿದು. ಸೂತ್ರಗಳು ಕೂಡು-ಭಾಗಿಸು ಮಟ್ಟದವು. ಕಷ್ಟವಿರುವುದು ಅಂಕಿಗಳ ಒಳಗಿನ ಗುಂಡಿಗಳಲ್ಲಿ.

ಮೊದಲು ಗಡಿ, ಆಮೇಲೆ ವರ್ಷ

ಯಾವ ಜಿಲ್ಲೆ ಎಂದು ತೀರ್ಮಾನಿಸಿದರೆ ಸಾಲದು, ಯಾವ ವರ್ಷದ ಗಡಿಯ ಜಿಲ್ಲೆ ಎಂದೂ ಬರೆದುಕೊಳ್ಳಿ. ಬಳ್ಳಾರಿಯ ಉದಾಹರಣೆ ನೋಡಿ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಕೊಟ್ಟೂರು, ಹರಪನಹಳ್ಳಿ ಆ ಕಡೆ ಹೋದವು. ಗಣಿಗಳಿರುವ ಸಂಡೂರು, ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲು ಬಳ್ಳಾರಿಯಲ್ಲೇ ಉಳಿದವು. 2011ರ ಜನಗಣತಿಯಲ್ಲಿ ವಿಜಯನಗರ ಎಂಬ ಜಿಲ್ಲೆಯೇ ಇಲ್ಲ. ಹರಪನಹಳ್ಳಿಯಂತೂ ಆಗ ದಾವಣಗೆರೆಯಲ್ಲಿತ್ತು. ಹಳೆಯ ಬಳ್ಳಾರಿಯ ಕೆಲಸಗಾರರ ಸಂಖ್ಯೆಯಿಂದ ಹೊಸ ಬಳ್ಳಾರಿಯ ಆದಾಯವನ್ನು ಭಾಗಿಸಿದರೆ ಬರುವ ಉತ್ತರಕ್ಕೆ ಅರ್ಥವಿರುವುದಿಲ್ಲ. ಉಪಾಯ ಒಂದೇ: ಜನಗಣತಿಯ ತಾಲ್ಲೂಕುವಾರು ಕೋಷ್ಟಕ ತೆಗೆದು, ಇಂದಿನ ಗಡಿಗೆ ಸರಿಯಾಗಿ ತಾಲ್ಲೂಕುಗಳನ್ನು ಮತ್ತೆ ಕೂಡಿಸುವುದು. ಯಾದಗಿರಿಗೂ (2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರೆಯಾದದ್ದು) ಹಳೆಯ ವರ್ಷಗಳ ಹೋಲಿಕೆ ಮಾಡುವಾಗ ಇದೇ ಕ್ರಮ. ರಾಮನಗರದಂತೆ ಹೆಸರು ಮಾತ್ರ ಬದಲಾದ ಕಡೆ ಇಷ್ಟು ತಾಪತ್ರಯವಿಲ್ಲ, ಆದರೆ ‘ಬೆಂಗಳೂರು ದಕ್ಷಿಣ’ ಎಂಬ ಹೊಸ ಹೆಸರನ್ನು ಬೆಂಗಳೂರು ನಗರ ಜಿಲ್ಲೆಯ ದಕ್ಷಿಣ ತಾಲ್ಲೂಕಿನೊಂದಿಗೆ ಬೆರೆಸಬೇಡಿ.

ವರ್ಷದ ಆಯ್ಕೆಯಲ್ಲಿ ಎರಡು ಎಚ್ಚರ. 2020-21 ಕೋವಿಡ್ ವರ್ಷ. 2023ರ ಮುಂಗಾರಿನಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಇಂಥ ವರ್ಷವನ್ನು ಆರಂಭದ ಬಿಂದುವಾಗಿ ಇಟ್ಟುಕೊಂಡರೆ ಮುಂದಿನ ವರ್ಷ ಕೃಷಿ ಭರ್ಜರಿ ಬೆಳೆದಂತೆ ಕಾಣುತ್ತದೆ. ಕೃಷಿಯ ಸಾಲಿಗೆ ಮೂರು ವರ್ಷದ ಸರಾಸರಿ ಬಳಸಿ. ಉಳಿದವಕ್ಕೆ ಒಂದು ವರ್ಷ ಸಾಕು.

ಮೌಲ್ಯವರ್ಧನೆಯ ಸಾಲುಗಳು

ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಜಿಲ್ಲಾ ಆದಾಯದ ಅಂದಾಜು ತಯಾರಿಸುತ್ತದೆ. ಅದರ ಸಾರ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲೂ ಬರುತ್ತದೆ. ಒಂದೊಂದು ವಲಯದ ಪಾಲು ನೋಡಲು ಒಟ್ಟು ಮೌಲ್ಯವರ್ಧನೆಯನ್ನೇ (ಜಿವಿಎ) ತೆಗೆದುಕೊಳ್ಳಿ, ಅಂದರೆ ಉತ್ಪಾದನೆಯ ಮೌಲ್ಯದಲ್ಲಿ ಅದಕ್ಕೆ ಬಳಸಿದ ಸರಕು-ಸೇವೆಗಳ ಬೆಲೆ ಕಳೆದು ಉಳಿದದ್ದನ್ನು. ಆಂತರಿಕ ಉತ್ಪನ್ನದಲ್ಲಿ ಉತ್ಪನ್ನಗಳ ಮೇಲಿನ ತೆರಿಗೆ ಸೇರಿ, ಸಬ್ಸಿಡಿ ಕಳೆದಿರುತ್ತದೆ; ಅವು ಯಾವ ವಲಯಕ್ಕೂ ನೇರವಾಗಿ ಸೇರುವುದಿಲ್ಲ. ಒಂದೇ ವರ್ಷದ ಪಾಲು ನೋಡುವುದಾದರೆ ಪ್ರಚಲಿತ ಬೆಲೆಯ ಕೋಷ್ಟಕ, ಬೆಳವಣಿಗೆ ನೋಡುವುದಾದರೆ ಸ್ಥಿರ ಬೆಲೆಯದು, ಅಂದರೆ ಎಲ್ಲ ವರ್ಷಗಳನ್ನೂ ಒಂದೇ ಮೂಲ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕಿದ್ದು. ಅದಿರಿನ ಬೆಲೆ ದುಪ್ಪಟ್ಟಾದ ವರ್ಷ ಪ್ರಚಲಿತ ಬೆಲೆಯಲ್ಲಿ ಸಂಡೂರು ಓಡಿದಂತೆ ಕಾಣುತ್ತದೆ, ಟನ್ ಲೆಕ್ಕದಲ್ಲಿ ನಿಂತಲ್ಲೇ ನಿಂತಿರಬಹುದು.

ಸಾಲು ತುಂಬುವಾಗ ಮೂರು ಕಡೆ ಎಡವುತ್ತಾರೆ.

ಗಣಿಗಾರಿಕೆ ಎಲ್ಲಿದೆ ನೋಡಿ. ಕೆಲವು ಕೋಷ್ಟಕಗಳಲ್ಲಿ ಅದು ಪ್ರಾಥಮಿಕ ವಲಯದಲ್ಲಿ ಕೃಷಿಯ ಜೊತೆ ಕೂತಿರುತ್ತದೆ, ಕೆಲವದರಲ್ಲಿ ಕೈಗಾರಿಕೆಯಲ್ಲಿ. ಹಾವೇರಿಗೆ ಇದರಿಂದ ವ್ಯತ್ಯಾಸ ತೀರಾ ಕಡಿಮೆ. ಬಳ್ಳಾರಿಗೆ ಇಡೀ ಚಿತ್ರವೇ ತಿರುಗುತ್ತದೆ. ಗಣಿಗೆ ಯಾವಾಗಲೂ ಪ್ರತ್ಯೇಕ ಸಾಲು ಕೊಡಿ, ವಿದ್ಯುತ್ತಿಗೂ ಹಾಗೆಯೇ.

‘ರಿಯಲ್ ಎಸ್ಟೇಟ್, ವಾಸದ ಮನೆಗಳ ಒಡೆತನ ಮತ್ತು ವೃತ್ತಿಪರ ಸೇವೆಗಳು’ ಎಂಬ ಉದ್ದನೆಯ ಸಾಲು ಬೆಂಗಳೂರು ನಗರದಲ್ಲಿ ದೈತ್ಯಾಕಾರ ತಾಳಿರುತ್ತದೆ. ಅದನ್ನು ಸೈಟು ವ್ಯಾಪಾರ ಎಂದು ಓದಿದವರಿದ್ದಾರೆ. ಸಾಫ್ಟ್‌ವೇರ್ ಸೇವೆ ಇದೇ ಸಾಲಿನೊಳಗಿದೆ. ಸ್ವಂತ ಮನೆಯಲ್ಲಿರುವವರಿಗೆ ಬಾಡಿಗೆ ಬಂದಂತೆ ಭಾವಿಸಿ ಹಾಕಿದ ಮೊತ್ತವೂ ಇದರಲ್ಲೇ ಸೇರಿದೆ. ಆ ಮೊತ್ತಕ್ಕೆ ಎದುರಾಗಿ ಒಂದೇ ಒಂದು ಉದ್ಯೋಗವಿಲ್ಲ. ಸಣ್ಣ ಜಿಲ್ಲೆಗಳಲ್ಲಿ ‘ಸೇವಾ ವಲಯ ಬೆಳೆದಿದೆ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇದು ಮತ್ತು ಸರ್ಕಾರಿ ಸಂಬಳ.

ಮೂರನೆಯದು ಸೂಕ್ಷ್ಮ, ಹಾಗಾಗಿಯೇ ಹೆಚ್ಚು ಅಪಾಯಕಾರಿ. ಬೆಳೆ, ಗಣಿ, ನೋಂದಾಯಿತ ಕಾರ್ಖಾನೆಗಳ ಆದಾಯವನ್ನು ಜಿಲ್ಲೆಯಲ್ಲಿ ಆದ ಉತ್ಪಾದನೆಯಿಂದಲೇ ಕಟ್ಟುತ್ತಾರೆ. ಸಣ್ಣ ವ್ಯಾಪಾರ, ಅಸಂಘಟಿತ ಉತ್ಪಾದನೆ, ಕೆಲವು ಸೇವೆಗಳಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ರಾಜ್ಯದ ಮೊತ್ತವನ್ನು ಕೆಲಸಗಾರರ ಸಂಖ್ಯೆಯಂಥ ಸೂಚಕದ ಮೇಲೆ ಜಿಲ್ಲೆಗಳಿಗೆ ಹಂಚುತ್ತಾರೆ. ಹೀಗೆ ಹಂಚಿದ ಮೊತ್ತವನ್ನು ನೀವು ಮತ್ತೆ ಕೆಲಸಗಾರರ ಸಂಖ್ಯೆಯಿಂದ ಭಾಗಿಸಿ ‘ಕಿರಾಣಿ ಅಂಗಡಿಯವನ ಉತ್ಪಾದಕತೆ ಎಲ್ಲ ಜಿಲ್ಲೆಗಳಲ್ಲೂ ಹೆಚ್ಚುಕಮ್ಮಿ ಒಂದೇ’ ಎಂದು ಕಂಡುಹಿಡಿದರೆ, ನೀವು ಕಂಡುಹಿಡಿದದ್ದು ಹಂಚಿಕೆಯ ಸೂತ್ರವನ್ನು. ವಿಧಾನದ ಟಿಪ್ಪಣಿ ಓದಿ, ಹೀಗೆ ಹಂಚಿದ ಸಾಲುಗಳಿಗೆ ಬೇರೆ ಬಣ್ಣ ಹಚ್ಚಿಡಿ. ಆ ಸಾಲುಗಳಲ್ಲಿ ಜಿಲ್ಲೆ-ಜಿಲ್ಲೆ ಹೋಲಿಕೆ ಬೇಡ.

ತಲಾ ಆದಾಯದ ಬಗ್ಗೆ ಒಂದು ಮಾತು. ರಾಜ್ಯದ ಆದಾಯದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದೇ. ತಲಾ ಆದಾಯದಲ್ಲೂ ಅದೇ ಮೇಲೆ, ಕಲಬುರಗಿ ತಳದ ಕಡೆ. ಅಂತರ ನಿಜ. ಆದರೆ ಭಾಗಿಸುವ ಜನಸಂಖ್ಯೆ 2011ರ ಗಣತಿಯಿಂದ ಮುಂದಕ್ಕೆ ಎಳೆದ ಅಂದಾಜು, ವಲಸೆಯನ್ನು ಅದು ಅರೆಬರೆ ಮಾತ್ರ ಹಿಡಿಯುತ್ತದೆ. ರೂಪಾಯಿ ಲೆಕ್ಕದ ಅಂತರಕ್ಕಿಂತ ಜಿಲ್ಲೆಗಳ ಕ್ರಮಾಂಕವನ್ನು ನಂಬುವುದು ಕ್ಷೇಮ.

ಕೆಲಸಗಾರರ ಲೆಕ್ಕ

ಜಿಲ್ಲೆ, ತಾಲ್ಲೂಕು, ಹಳ್ಳಿ ಮಟ್ಟದವರೆಗೂ ಸಿಗುವುದು ಜನಗಣತಿ ಮಾತ್ರ. ಅದರಲ್ಲಿ ನಾಲ್ಕೇ ಗುಂಪು: ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆ, ಇತರೆ. 2011ರಲ್ಲಿ ಕರ್ನಾಟಕದ ಕೆಲಸಗಾರರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಎರಡು ಗುಂಪಿನವರು. ಸಾಗುವಳಿದಾರರಿಗೂ ಕೃಷಿ ಕಾರ್ಮಿಕರಿಗೂ ಇರುವ ಅನುಪಾತವನ್ನು ಬೇರೆ ಕಲಮಿನಲ್ಲಿ ಇಡಿ. ಆದಾಯ ಹಂಚಿಕೆಯ ಲೆಕ್ಕದಲ್ಲಿ ಅದಕ್ಕಿಂತ ಅಗ್ಗದ, ಅದಕ್ಕಿಂತ ಮಾತಾಡುವ ಸೂಚಕ ಇನ್ನೊಂದಿಲ್ಲ. ವರ್ಷಕ್ಕೆ 183 ದಿನಕ್ಕಿಂತ ಕಡಿಮೆ ಕೆಲಸ ಸಿಕ್ಕವರು ‘ಅಲ್ಪಾವಧಿ ಕೆಲಸಗಾರರು’. ಅವರನ್ನು ಪೂರ್ತಿ ಒಂದು ಎಂದು ಎಣಿಸಬೇಡಿ, ಅರ್ಧ ಎಂದು ಹಿಡಿದರೆ ವಾಸ್ತವಕ್ಕೆ ಹತ್ತಿರ.

ಹೊಸ ಅಂಕಿಗೆ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್. 2017-18ರಿಂದ ಇದೆ. 2025ರ ಜನವರಿಯಿಂದ ಮಾದರಿ ಆಯ್ಕೆಯ ವಿಧಾನ ಬದಲಾಗಿ, ಜಿಲ್ಲೆಯನ್ನೇ ಮೂಲ ಘಟಕವಾಗಿ ತೆಗೆದುಕೊಳ್ಳುತ್ತಿದ್ದಾರೆ. ಅದಕ್ಕೂ ಹಿಂದಿನ ವರ್ಷಗಳ ಅಂಕಿಯಿಂದ ಒಂದು ಜಿಲ್ಲೆಯ ಶೇಕಡಾವಾರು ತೆಗೆದು ಎರಡು ದಶಾಂಶದವರೆಗೆ ಬರೆಯುವುದು ತಪ್ಪು. ಸಿಕ್ಕಿದ್ದ ಮಾದರಿ ಅಷ್ಟು ಭಾರ ಹೊರುವುದಿಲ್ಲ. ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವ ಹೆಣ್ಣುಮಕ್ಕಳು ಇದರಲ್ಲಿ ‘ಸ್ವಯಂ ಉದ್ಯೋಗಿ’ಗಳ ಲೆಕ್ಕದಲ್ಲಿ ಬರುತ್ತಾರೆ. ಮಹಿಳಾ ಉದ್ಯೋಗ ಹೆಚ್ಚಿದೆ ಎಂಬ ಶೀರ್ಷಿಕೆ ಕಂಡಾಗ ಮೊದಲು ಈ ಗುಂಪನ್ನು ಬಿಡಿಸಿ ನೋಡಿ.

ಭವಿಷ್ಯನಿಧಿಯ ಅಂಕಿ ಸುಲಭವಾಗಿ ಸಿಗುತ್ತದೆ, ಸುಲಭವಾಗಿ ದಾರಿ ತಪ್ಪಿಸುತ್ತದೆ. 20 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗಷ್ಟೇ ಅದು ಕಡ್ಡಾಯ. ದಾಖಲೆ ಬೆಂಗಳೂರಿನ ಮುಖ್ಯ ಕಚೇರಿಯ ಹೆಸರಲ್ಲಿ, ಕಾರ್ಖಾನೆ ಮದ್ದೂರಿನಲ್ಲಿ ಎಂಬುದು ಸಾಮಾನ್ಯ. ಜಿಎಸ್‌ಟಿ ಸಂಗ್ರಹದ ಜಿಲ್ಲಾವಾರು ಅಂಕಿಯಲ್ಲೂ ಇದೇ ತೊಡಕು, ಮೇಲಾಗಿ ಆ ತೆರಿಗೆ ಸೇರುವುದು ಸರಕು ಬಳಕೆಯಾಗುವ ಕಡೆಗೆ. ಜಿಲ್ಲೆಯ ಉತ್ಪಾದನೆ ಅಳೆಯಲು ಅದು ಅಳತೆಗೋಲಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು

ಈಗ ವಲಯದ ಆದಾಯದ ಪಾಲನ್ನು ಉದ್ಯೋಗದ ಪಾಲಿನಿಂದ ಭಾಗಿಸಿ. ಲೆಕ್ಕ ತೋರಿಸಲು ಒಂದು ಕಾಲ್ಪನಿಕ ಜಿಲ್ಲೆ ಇಟ್ಟುಕೊಳ್ಳೋಣ. ಕೃಷಿಗೆ ಆದಾಯದಲ್ಲಿ ಶೇ 25, ಉದ್ಯೋಗದಲ್ಲಿ ಶೇ 60. ಕೈಗಾರಿಕೆಗೆ 40 ಮತ್ತು 15. ಸೇವೆಗೆ 35 ಮತ್ತು 25. ಕ್ರಮವಾಗಿ 0.42, 2.67, 1.40 ಬರುತ್ತದೆ. ಒಂದಕ್ಕಿಂತ ಕಡಿಮೆ ಬಂದ ವಲಯದಲ್ಲಿ ತಲೆಗೆ ಸಿಗುವ ಉತ್ಪನ್ನ ಜಿಲ್ಲೆಯ ಸರಾಸರಿಗಿಂತ ಕಡಿಮೆ.

ಇಲ್ಲಿಗೆ ನಿಲ್ಲಿಸಿದರೆ ‘ಕೈಗಾರಿಕೆಗೆ ಬಂದವನ ಬದುಕು ಆರು ಪಟ್ಟು ಹಸನು’ ಎಂಬ ತೀರ್ಮಾನಕ್ಕೆ ಹೋಗುತ್ತೇವೆ. ಆ 40ರಲ್ಲಿ 22 ಒಂದು ವಿದ್ಯುತ್ ಸ್ಥಾವರದ್ದು, ಅಲ್ಲಿರುವುದು ನೂರಕ್ಕೆ ಒಬ್ಬ ಕೆಲಸಗಾರ ಎಂದಿಟ್ಟುಕೊಳ್ಳಿ. ಸ್ಥಾವರವನ್ನು ಎರಡೂ ಕಡೆಯಿಂದ ತೆಗೆಯಿರಿ: ಉಳಿದ ಆದಾಯ 78, ಕೆಲಸಗಾರರು 99. ಪಾಲುಗಳನ್ನು ಹೊಸ ಮೊತ್ತದ ಮೇಲೆ ಮತ್ತೆ ಕಟ್ಟಿ (ಬಹಳ ಜನ ಮರೆಯುವ ಹೆಜ್ಜೆ ಇದೇ). ಈಗ ಕೃಷಿ 0.53, ಕೈಗಾರಿಕೆ 1.63, ಸೇವೆ 1.78. ಕೈಗಾರಿಕೆಯ ಹಿರಿಮೆ ಕರಗಿ ಸೇವೆಯ ಕೆಳಗಿಳಿಯಿತು. ರಾಯಚೂರು, ಕೈಗಾ ಅಣು ವಿದ್ಯುತ್ ಸ್ಥಾವರ ಇರುವ ಉತ್ತರ ಕನ್ನಡ, ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ-ವಾಡಿ ಭಾಗ, ಇಲ್ಲೆಲ್ಲ ಈ ಕತ್ತರಿ ಹಾಕದೆ ಯಾವ ತೀರ್ಮಾನಕ್ಕೂ ಬರಬೇಡಿ.

ಜಿಲ್ಲೆಗೆ ಯಾವ ಉದ್ಯಮದಲ್ಲಿ ವಿಶೇಷ ಹಿಡಿತವಿದೆ ಎಂದು ತಿಳಿಯಲು, ಜಿಲ್ಲೆಯ ಒಟ್ಟು ಕೆಲಸಗಾರರಲ್ಲಿ ಆ ಉದ್ಯಮದ ಪಾಲನ್ನು ರಾಜ್ಯದ ಅದೇ ಪಾಲಿನಿಂದ ಭಾಗಿಸಿ. ಜಿಲ್ಲೆಯಲ್ಲಿ ಸಿದ್ಧ ಉಡುಪು ಶೇ 8, ರಾಜ್ಯದಲ್ಲಿ ಶೇ 4 ಆದರೆ ಉತ್ತರ 2. ಉದ್ಯಮಗಳನ್ನು ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದ (ಎನ್‌ಐಸಿ-2008) ಎರಡಂಕಿ ಸಂಕೇತದಲ್ಲೇ ವಿಂಗಡಿಸಿ: ಲೋಹದ ಅದಿರು 07, ಆಹಾರ ತಯಾರಿಕೆ 10, ಜವಳಿ 13, ಉಡುಪು 14, ಸಿಮೆಂಟ್ ಮುಂತಾದವು 23, ಉಕ್ಕು 24, ಸಾಫ್ಟ್‌ವೇರ್ 62. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳು 14ರಲ್ಲಿ ಬರುತ್ತವೆ. ಕಾರ್ಖಾನೆಯಾಗಿ ನೋಂದಾಯಿಸಬೇಕಾದ ಮಿತಿಗಿಂತ ಚಿಕ್ಕ ಘಟಕಗಳು ವಾರ್ಷಿಕ ಕೈಗಾರಿಕಾ ಸಮೀಕ್ಷೆಯಲ್ಲಿ (ಎಎಸ್‌ಐ) ಇರುವುದಿಲ್ಲ. ಮನೆಯ ಮುಂಗೋಣೆಯಲ್ಲಿ ನಾಲ್ಕು ಮೆಷಿನ್ ಇಟ್ಟವರನ್ನು ಹುಡುಕಬೇಕಾದದ್ದು ಅಸಂಘಟಿತ ಉದ್ಯಮಗಳ ಸಮೀಕ್ಷೆ ಮತ್ತು ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿಯಲ್ಲಿ. ಅದಿಲ್ಲದೆ ಲೆಕ್ಕ ಹಾಕಿದರೆ ಜೀನ್ಸ್‌ನ ಹಿಡಿತ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಬೆಳವಣಿಗೆ ಯಾರ ಪುಣ್ಯದಿಂದ ಬಂತು ಎಂದೂ ಬಿಡಿಸಬಹುದು. ಜಿಲ್ಲೆಯ ಉಡುಪು ಉದ್ಯೋಗ 10,000ದಿಂದ 11,500ಕ್ಕೆ ಏರಿತು ಅನ್ನಿ. ಅದೇ ಅವಧಿಯಲ್ಲಿ ರಾಜ್ಯದ ಎಲ್ಲ ಉದ್ಯೋಗ ಶೇ 10, ರಾಜ್ಯದ ಉಡುಪು ಉದ್ಯೋಗ ಶೇ 20 ಬೆಳೆದಿದೆ. ಏರಿದ 1,500ರಲ್ಲಿ 1,000 ರಾಜ್ಯದ ಸಾಮಾನ್ಯ ಬೆಳವಣಿಗೆಯದು. ಉಡುಪು ಉದ್ಯಮದ ಹೆಚ್ಚುವರಿ ವೇಗದಿಂದ ಮತ್ತೆ 1,000 ಬರಬೇಕಿತ್ತು. ಜಿಲ್ಲೆಯದೇ ಕಾಣಿಕೆ ಋಣ 500. ಶೇ 15 ಬೆಳೆದರೂ ಜಿಲ್ಲೆ ಪಾಲು ಕಳೆದುಕೊಂಡಿದೆ. ಉಸ್ತುವಾರಿ ಸಚಿವರ ಭಾಷಣದಲ್ಲಿ ಆ ಶೇ 15 ಮಾತ್ರ ಇರುತ್ತದೆ.

ಹೂಡಿಕೆ: ಒಪ್ಪಂದ, ಅನುಮೋದನೆ, ಕರೆಂಟು

ಹೂಡಿಕೆದಾರರ ಸಮಾವೇಶದ ಒಡಂಬಡಿಕೆ ಪಟ್ಟಿಯನ್ನು ಹಾಳೆಯಲ್ಲಿ ಹಾಕಲೇಬೇಡಿ. 2025ರ ಫೆಬ್ರುವರಿಯ ಸಮಾವೇಶದಲ್ಲಿ ಸರ್ಕಾರ ಹೇಳಿದ ಮೊತ್ತ 10.27 ಲಕ್ಷ ಕೋಟಿ ರೂಪಾಯಿ. ಅದು ಬರಬಹುದಾದ ಹಣ, ಬಂದ ಹಣವಲ್ಲ. ಮುಂದಿನ ಮೆಟ್ಟಿಲು ಅನುಮೋದನೆ: 15 ಕೋಟಿವರೆಗಿನ ಯೋಜನೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಗೆ, 15ರಿಂದ 500 ಕೋಟಿಯದು ರಾಜ್ಯಮಟ್ಟದ ಸಮಿತಿಗೆ, ಅದಕ್ಕೂ ಮೇಲಿನದು ಮುಖ್ಯಮಂತ್ರಿ ಅಧ್ಯಕ್ಷತೆಯ ಉನ್ನತ ಸಮಿತಿಗೆ. ಅನುಮೋದನೆ ಸಿಕ್ಕರೂ ಅದು ಇನ್ನೂ ಕಾಗದವೇ. ಜಿಲ್ಲಾ ಕೈಗಾರಿಕಾ ಕೇಂದ್ರದಿಂದ ಪಟ್ಟಿ ಪಡೆದು, ಪ್ರತಿ ಯೋಜನೆಯ ಮುಂದೆ ಮೂರು ಪ್ರಶ್ನೆ ಬರೆಯಿರಿ. ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನ ಹಂಚಿದೆಯೇ? ವಿದ್ಯುತ್ ಸರಬರಾಜು ಕಂಪನಿಯಿಂದ (ಎಸ್ಕಾಂ) ಕೈಗಾರಿಕಾ ಎಚ್‌ಟಿ (ಹೈ ಟೆನ್ಷನ್) ಸಂಪರ್ಕ ಸಿಕ್ಕಿದೆಯೇ? ಭವಿಷ್ಯನಿಧಿ ಸಂಕೇತ ಚಾಲ್ತಿಯಲ್ಲಿದೆಯೇ? ಮೂರಕ್ಕೂ ಹೌದು ಎಂದ ಯೋಜನೆಯನ್ನಷ್ಟೇ ಎಣಿಸಿ. ನಡುವಿನ ಪ್ರಶ್ನೆಯೇ ಹೆಚ್ಚು ಯೋಜನೆಗಳನ್ನು ಉರುಳಿಸುತ್ತದೆ: ನಿವೇಶನ ಹಿಡಿದು ಬೆಲೆ ಏರಲು ಕಾದು ಕೂತವರು ಎಚ್‌ಟಿ ಸಂಪರ್ಕಕ್ಕೆ ದುಡ್ಡು ಕಟ್ಟುವುದಿಲ್ಲ.

ಉಳಿದವಕ್ಕೆ ಒಂದು ಉದ್ಯೋಗಕ್ಕೆ ತಗಲುವ ಬಂಡವಾಳ ಹಾಕಿ. 1,000 ಕೋಟಿ ಹೂಡಿ 500 ಜನರಿಗೆ ಕೆಲಸ ಕೊಡುವ ಘಟಕದಲ್ಲಿ ತಲೆಗೆ 2 ಕೋಟಿ. 20 ಕೋಟಿ ಹೂಡಿ 800 ಜನರನ್ನು ಹೊಲಿಗೆಗೆ ಕೂರಿಸುವ ಘಟಕದಲ್ಲಿ ತಲೆಗೆ 2.5 ಲಕ್ಷ. ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಈ ಅಂಕಿಯೊಂದೇ ಉತ್ತರ ಕೊಡದು. ಮೊದಲನೆಯದರಲ್ಲಿ ಸಂಬಳ ಚೆನ್ನಾಗಿರಬಹುದು, ಎರಡನೆಯದು ಕನಿಷ್ಠ ಕೂಲಿಗೆ ಅಂಟಿಕೊಂಡಿರಬಹುದು. ‘ಒಂದು ನೇರ ಉದ್ಯೋಗಕ್ಕೆ ಮೂರು ಪರೋಕ್ಷ ಉದ್ಯೋಗ’ ಎಂಬ ಸಾಲು ಯೋಜನಾ ವರದಿಯಲ್ಲಿದ್ದರೆ, ಕಚ್ಚಾವಸ್ತು, ಸಾಗಣೆ, ದುರಸ್ತಿ, ಊಟದ ಗುತ್ತಿಗೆ ಇವುಗಳಲ್ಲಿ ಜಿಲ್ಲೆಯೊಳಗೆ ಯಾವುದನ್ನು ಕೊಳ್ಳುತ್ತಾರೆ ಎಂದು ಕೇಳಿ. ಕೊನೆಯ ಎರಡು ಮಾತ್ರ ಎಂದಾದರೆ ಆ ಮೂರನ್ನು ಅರ್ಧಕ್ಕಿಳಿಸಿದರೂ ಉದಾರ.

ಬ್ಯಾಂಕ್ ಹಣದ ದಿಕ್ಕು ಠೇವಣಿ-ಸಾಲ ಅನುಪಾತದಲ್ಲಿ, ಅಂದರೆ ನೂರು ರೂಪಾಯಿ ಠೇವಣಿಗೆ ಎಷ್ಟು ಸಾಲ ಕೊಟ್ಟಿದ್ದಾರೆ ಎಂಬುದರಲ್ಲಿ ಕಾಣುತ್ತದೆ. ರಿಸರ್ವ್ ಬ್ಯಾಂಕ್ ಜಿಲ್ಲಾವಾರು ಅಂಕಿಯನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತದೆ. ಅನುಪಾತ ಶೇ 40ಕ್ಕಿಂತ ಕೆಳಗಿಳಿದ ಜಿಲ್ಲೆಯಲ್ಲಿ ವಿಶೇಷ ಉಪಸಮಿತಿ ರಚಿಸಿ ನಿಗಾ ಇಡಬೇಕೆಂಬ ನಿಯಮವಿದೆ. ಕರಾವಳಿ ಇಲ್ಲಿ ವಿಚಿತ್ರ ಪಾಠ ಹೇಳುತ್ತದೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಐದೂ ಹುಟ್ಟಿದ್ದು ಹಳೆಯ ದಕ್ಷಿಣ ಕನ್ನಡದಲ್ಲಿ. ಆದರೂ ಉಡುಪಿಯಲ್ಲಿ ಠೇವಣಿ ಹೇರಳ, ಸಾಲ ಕಡಿಮೆ ಎಂಬುದು ಬ್ಯಾಂಕ್ ಸಭೆಗಳ ಹಳೆಯ ದೂರು. ಮುಂಬೈ, ಕೊಲ್ಲಿ ದೇಶಗಳಿಂದ ಬರುವ ಹಣ ಠೇವಣಿಯಾಗಿ ಕೂರುತ್ತದೆ, ಸಾಲವಾಗಿ ಬೇರೆ ಊರಿಗೆ ಹೋಗುತ್ತದೆ. ಅಲ್ಲಿ ಕಡಿಮೆ ಅನುಪಾತವನ್ನು ಬಡತನ ಎಂದು ಓದಬಾರದು. ಸಾಲ ಮಂಜೂರಾದ ಊರು, ಬಳಕೆಯಾದ ಊರು ಎರಡೂ ಬೇರೆ ಕೋಷ್ಟಕ. ನಿಮಗೆ ಬೇಕಾದದ್ದು ಎರಡನೆಯದು. ಸಹಕಾರಿ ಸಂಘಗಳ ಬೆಳೆ ಸಾಲ ಇದರಲ್ಲಿ ಸೇರಿಲ್ಲ. ಶೂನ್ಯ ಬಡ್ಡಿಯ ಮಿತಿ 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೇರಿದ ರಾಜ್ಯದಲ್ಲಿ ಅದನ್ನು ಬಿಟ್ಟರೆ ಕೃಷಿಯ ಹೂಡಿಕೆ ಅರ್ಧಂಬರ್ಧ. ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕಿನ ವಾರ್ಷಿಕ ವರದಿಯಿಂದ ಅದನ್ನು ಬೇರೆಯಾಗಿ ಸೇರಿಸಿ.

ಒಂದು ರೂಪಾಯಿ ಎಲ್ಲೆಲ್ಲಿ ಹರಿಯುತ್ತದೆ

ಇಲ್ಲಿಂದ ಸಿದ್ಧ ಕೋಷ್ಟಕಗಳು ಮುಗಿದವು, ಕಟ್ಟಬೇಕಾದದ್ದು ನಾವೇ. ಮೌಲ್ಯವರ್ಧನೆಯ ಪ್ರತಿ ರೂಪಾಯಿಯೂ ಕೂಲಿ-ಸಂಬಳ, ಬಾಡಿಗೆ, ಬಡ್ಡಿ, ಲಾಭ, ಯಂತ್ರದ ಸವಕಳಿ ಇವುಗಳಲ್ಲಿ ಒಂದಕ್ಕೆ ಸೇರಲೇಬೇಕು. ಕಾರ್ಖಾನೆಗಳ ಮಟ್ಟಿಗೆ ಎಎಸ್‌ಐ ರಾಜ್ಯಮಟ್ಟದಲ್ಲಿ ಉದ್ಯಮವಾರು ಇದನ್ನೆಲ್ಲ ಕೊಡುತ್ತದೆ. ಒಟ್ಟು ಸಂಬಳವನ್ನು ನಿವ್ವಳ ಮೌಲ್ಯವರ್ಧನೆಯಿಂದ ಭಾಗಿಸಿ, ಆ ಅನುಪಾತವನ್ನು ಜಿಲ್ಲೆಯ ಅದೇ ಉದ್ಯಮಕ್ಕೆ ಹಚ್ಚಿ. ಉಡುಪಿನಲ್ಲಿ ಕೂಲಿಯ ಪಾಲು ದೊಡ್ಡದು, ಸಿಮೆಂಟು-ಉಕ್ಕಿನಲ್ಲಿ ಚಿಕ್ಕದು. ಕಾಯಂ ನೌಕರರು, ಗುತ್ತಿಗೆ ಕಾರ್ಮಿಕರು ಎಂಬ ವಿಂಗಡಣೆಯೂ ಅಲ್ಲೇ ಸಿಗುತ್ತದೆ. ಒಂದೇ ಗೇಟಿನೊಳಗೆ ಒಂದೇ ಕೆಲಸಕ್ಕೆ ಎರಡು ಸಂಬಳ ಇರುವ ಕಡೆ, ಸರಾಸರಿ ಸಂಬಳ ಇಬ್ಬರಲ್ಲಿ ಯಾರದ್ದೂ ಅಲ್ಲ.

ಆಮೇಲೆ ಒಂದೊಂದು ಪಾಲಿನ ಮುಂದೆಯೂ ‘ಜಿಲ್ಲೆಯೊಳಗೆ ಉಳಿಯಿತೇ?’ ಎಂದು ಗುರುತು ಹಾಕುತ್ತಾ ಹೋಗಿ. ಲಾಭ ಕಂಪನಿಯ ಷೇರುದಾರರಿಗೆ, ಬಡ್ಡಿ ಬ್ಯಾಂಕಿಗೆ: ಹೊರಗೆ. ಕೂಲಿ: ಸ್ಥಳೀಯ ಕೂಲಿಯಾಗಿದ್ದರೆ ಒಳಗೆ, ಮೇಸ್ತ್ರಿ ಕರೆತಂದ ಹೊರಗಿನ ಗ್ಯಾಂಗ್ ಆಗಿದ್ದರೆ ಊಟ-ಬಾಡಿಗೆಯಷ್ಟು ಮಾತ್ರ ಒಳಗೆ.

ಕಬ್ಬಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ), ಶೇ 10.25 ಸಕ್ಕರೆ ಇಳುವರಿಗೆ, ಕ್ವಿಂಟಲ್‌ಗೆ 355 ರೂಪಾಯಿ, ಟನ್ನಿಗೆ 3,550. ರೈತನ ಖಾತೆಗೆ ಬೀಳುವುದು ಅಷ್ಟಲ್ಲ. ಕಟಾವು ಮತ್ತು ಸಾಗಣೆ ವೆಚ್ಚ ಕಾರ್ಖಾನೆಯಲ್ಲೇ ಕಡಿತವಾಗುತ್ತದೆ. ಕಟಾವಿನ ಹಣ ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದ ಗ್ಯಾಂಗಿಗೆ ಹೋದರೆ ಬೆಳಗಾವಿಯ ಕೂಲಿಕಾರನಿಗೆ ಅದರಲ್ಲಿ ಪಾಲಿಲ್ಲ. ಟ್ರ್ಯಾಕ್ಟರ್ ಬಾಡಿಗೆ ಸಾಮಾನ್ಯವಾಗಿ ಸ್ಥಳೀಯರದು. ಹಣ 14 ದಿನದೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ತಡವಾದಷ್ಟು ದಿನ ರೈತ ಕೈಸಾಲಕ್ಕೆ ಕಟ್ಟುವ ಬಡ್ಡಿಯೂ ಹಂಚಿಕೆಯ ಲೆಕ್ಕವೇ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ಕೇಳಿ ಕೂತಾಗ ಕೆಲವರು ‘ಎಫ್‌ಆರ್‌ಪಿ ಅದಕ್ಕಿಂತ ಹೆಚ್ಚೇ ಇದೆಯಲ್ಲ’ ಎಂದರು. ಕಡಿತಕ್ಕೆ ಮುಂಚಿನ ದರ, ಕಡಿತದ ನಂತರದ ದರ ಬೇರೆ ಬೇರೆ ಎಂಬುದು ತಿಳಿಯದಿದ್ದರೆ ಹೀಗಾಗುತ್ತದೆ. ಹೊಲ ಲಾವಣಿಗೆ (ಗೇಣಿಗೆ) ಹಾಕಿಕೊಂಡವನಾದರೆ ಇನ್ನೊಂದು ಕಡಿತ ಬಾಕಿಯಿದೆ, ಅದು ಪಹಣಿಯಲ್ಲೂ ಕಾಣುವುದಿಲ್ಲ.

ಗಣಿಯ ಸಾಲು ಬೇರೆ ರೀತಿ. ಕಬ್ಬಿಣದ ಅದಿರಿಗೆ ರಾಜಧನ (ರಾಯಲ್ಟಿ) ಸರಾಸರಿ ಮಾರಾಟ ಬೆಲೆಯ ಶೇ 15. ಬೆಲೆ ಟನ್ನಿಗೆ 3,000 ಎಂದು ಹಿಡಿದರೆ ರಾಜಧನ 450. ಇದು ರಾಜ್ಯದ ಖಜಾನೆಗೆ. ಗಣಿಬಾಧಿತ ಊರುಗಳಿಗೆ ಖರ್ಚು ಮಾಡುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುವುದು, 2015ರ ಜನವರಿ 12ಕ್ಕೆ ಮುಂಚಿನ ಗುತ್ತಿಗೆಯಾದರೆ ರಾಜಧನದ ಶೇ 30, ಅಂದರೆ 135 ರೂಪಾಯಿ. ಆಮೇಲೆ ಹರಾಜಿನಲ್ಲಿ ಕೊಟ್ಟದ್ದಾದರೆ ಶೇ 10, ಅಂದರೆ 45 ರೂಪಾಯಿ. ಹಳೆಯ ಗುತ್ತಿಗೆಗಳು ಮುಗಿದು ಹೊಸವು ಹರಾಜಾದಂತೆಲ್ಲ ಅಷ್ಟೇ ಅದಿರಿಗೆ ಪ್ರತಿಷ್ಠಾನದ ಹಣ ಮೂರನೇ ಒಂದಕ್ಕೆ ಇಳಿಯುತ್ತದೆ. ಸಂಡೂರಿನ ಹಳ್ಳಿಯೊಂದರ ಶಾಲೆ, ನೀರಿನ ಯೋಜನೆಗೆ ಐದು ವರ್ಷದ ಅಂದಾಜು ಹಾಕುವವರು ಇದನ್ನು ನೋಡದೆ ಹಿಂದಿನ ವರ್ಷದ ಮೊತ್ತವನ್ನೇ ಮುಂದಕ್ಕೆ ಎಳೆಯುತ್ತಾರೆ.

ಹಂಚಿಕೆಯ ಫಲಿತಾಂಶ ಸರಿಯೇ ಎಂದು ಪರೀಕ್ಷಿಸಲು ಎರಡು ಹೊರಗಿನ ಆಧಾರ ಸಾಕು. ಒಂದು, ನೀತಿ ಆಯೋಗದ ಬಹುಆಯಾಮದ ಬಡತನ ಸೂಚ್ಯಂಕ: ಕರ್ನಾಟಕದಲ್ಲಿ ಶೇ 12.77ರಿಂದ 7.58ಕ್ಕೆ ಇಳಿದಿದೆ, ಜಿಲ್ಲೆಗಳಲ್ಲಿ ಯಾದಗಿರಿ ಅತ್ಯಂತ ಹಿಂದೆ. ಇನ್ನೊಂದು, ಊರಿನ ಕೂಲಿ. ಹಂಗಾಮಿಲ್ಲದ ತಿಂಗಳಲ್ಲಿ ಗಂಡಾಳಿನ, ಹೆಣ್ಣಾಳಿನ ಕೂಲಿ ಎಷ್ಟು ಎಂದು ನಾಲ್ಕು ಊರಲ್ಲಿ ಕೇಳಿ, ಉದ್ಯೋಗ ಖಾತರಿಯ ದರದ (2025-26ರಲ್ಲಿ ದಿನಕ್ಕೆ 370 ರೂಪಾಯಿ) ಪಕ್ಕ ಇಡಿ. ಸ್ಥಾವರದಿಂದ ಹತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಹೆಣ್ಣಾಳಿನ ಕೂಲಿ ಖಾತರಿ ದರಕ್ಕಿಂತ ಕಡಿಮೆಯಿದ್ದರೆ, ಆ ಸ್ಥಾವರ ಅಲ್ಲಿನ ಕೂಲಿ ಮಾರುಕಟ್ಟೆಯನ್ನು ಮುಟ್ಟಿಯೇ ಇಲ್ಲ. ಭೂಸ್ವಾಧೀನದ ಪರಿಹಾರ ಹಂಚಿದ ವರ್ಷ ಊರಲ್ಲಿ ಬೈಕು, ಮನೆ ಏಳುವುದು ಕಂಡು ಮೋಸ ಹೋಗಬೇಡಿ. ಅದು ಆಸ್ತಿ ಮಾರಿದ ಹಣ, ಆದಾಯದ ಲೆಕ್ಕಕ್ಕೆ ಬರುವುದಿಲ್ಲ.

ಒಂದು ವಲಯ ಕುಸಿದರೆ?

ಹಾಳೆ ಸಿದ್ಧವಾದ ಮೇಲೆ ಅತಿ ದೊಡ್ಡ ವಲಯವನ್ನು ಸೊನ್ನೆ ಮಾಡಿ ನೋಡಿ. ಬಳ್ಳಾರಿಯಲ್ಲಿ ಇದು ನಿಜವಾಗಿಯೇ ಆಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಅದು ವಿಸ್ತರಿಸಿತು. ಗಣಿಯೊಳಗಿನ ಕೂಲಿಗಿಂತ ಮೊದಲು ಪೆಟ್ಟು ಬಿದ್ದದ್ದು ಸಾಲ ಮಾಡಿ ಲಾರಿ, ಟಿಪ್ಪರ್ ಕೊಂಡವರಿಗೆ, ಗ್ಯಾರೇಜು-ಢಾಬಾಗಳಿಗೆ. ಅದಿರು ಸಿಗದೆ ಉಕ್ಕಿನ ಕಾರ್ಖಾನೆಯೂ ಉತ್ಪಾದನೆ ತಗ್ಗಿಸಿತು. 2012ರ ಸೆಪ್ಟೆಂಬರ್‌ನಿಂದ ಹಂತಹಂತವಾಗಿ ಗಣಿಗಳು ತೆರೆದಾಗ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಬಂತು. 2022ರಲ್ಲಿ ಅದು 3.5 ಕೋಟಿಯಾಯಿತು. ಗಣಿಯ ಸಾಲನ್ನು ಕಳೆಯುವಾಗ ಸಾಗಣೆ, ದುರಸ್ತಿ, ಹೋಟೆಲ್ ಸಾಲುಗಳಲ್ಲೂ ಒಂದು ಭಾಗ ಕಳೆಯಬೇಕೆಂಬುದು ಇದರಿಂದ ತಿಳಿಯುವ ಸಂಗತಿ. ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದಾಗ ಹೊಂದಾಣಿಕೆ ಬೇರೆ ಥರ ಆಯಿತು. ಊರು ಉಳಿಯಿತು, ದುಡಿಮೆ ರೈಲು ಹತ್ತಿ ಬೆಂಗಳೂರಿಗೆ ಹೋಯಿತು. ಕೆಜಿಎಫ್‌ನವರು ಬೆಂಗಳೂರಿನಲ್ಲಿ ದುಡಿದ ಸಂಬಳ ಬೆಂಗಳೂರಿನ ಉತ್ಪನ್ನದಲ್ಲಿ ಎಣಿಕೆಯಾಗಿ, ಖರ್ಚಾಗುವುದು ಕೋಲಾರ ಜಿಲ್ಲೆಯಲ್ಲಿ. ಇಂಥ ರೈಲು-ಬಸ್ಸಿನ ದುಡಿಮೆಯಿರುವ ಜಿಲ್ಲೆಗಳಿಗೆ ‘ಹೊರಗಿನಿಂದ ಬಂದ ಸಂಬಳ’ ಎಂಬ ಸಾಲು ಸೇರಿಸಿ. ಗುಳೆ ಹೋದವರು ಕಳಿಸುವ ಹಣಕ್ಕೂ ಅದೇ ಸಾಲು.

ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುವಾಗ

ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನಿಟ್ಟು 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದವು ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು, ಉಳಿದ 13 ದಕ್ಷಿಣದವು. ಆ 13ನ್ನು ಮರೆತು ಚರ್ಚೆ ಉತ್ತರ-ದಕ್ಷಿಣ ಎಂದು ಇಬ್ಭಾಗವಾಗಿದೆ. ಜಿಲ್ಲಾ ಸರಾಸರಿ ಮುಚ್ಚಿಡುವುದನ್ನು ತಾಲ್ಲೂಕಿನ ಅಂಕಿ ತೋರಿಸುತ್ತದೆ, ಆದರೆ ತಾಲ್ಲೂಕಿಗೆ ಆದಾಯದ ಅಂದಾಜು ಜಿಲ್ಲೆಯಷ್ಟು ಗಟ್ಟಿಯಾಗಿ ಸಿಗದು. ಅಲ್ಲಿ ಆದಾಯದ ಕಲಮು ಖಾಲಿ ಬಿಟ್ಟು, ಕೃಷಿ ಕಾರ್ಮಿಕರ ಪಾಲು, ನೀರಾವರಿ ಪ್ರದೇಶ, ಎಚ್‌ಟಿ ಸಂಪರ್ಕಗಳ ಸಂಖ್ಯೆ, ಬ್ಯಾಂಕ್ ಶಾಖೆವಾರು ಸಾಲ, ಕೂಲಿ ದರ ಇವಿಷ್ಟರಲ್ಲೇ ತೃಪ್ತರಾಗಿ. ಜಿಲ್ಲೆಯ ಆದಾಯವನ್ನು ಜನಸಂಖ್ಯೆಯ ಪ್ರಕಾರ ತಾಲ್ಲೂಕುಗಳಿಗೆ ಹಂಚಿ ಹಾಕುವ ಆಸೆ ಬರುತ್ತದೆ. ಹಾಗೆ ಮಾಡಿದರೆ ದೇವದುರ್ಗದ ಕೂಲಿಕಾರನಿಗೂ ಶಕ್ತಿನಗರದ ಚಿಮಣಿಯಿಂದ ಪಾಲು ಕೊಟ್ಟಂತಾಗುತ್ತದೆ.

ಹಾಳೆಯನ್ನು ವರ್ಷಕ್ಕೊಮ್ಮೆ ಹೊಸದು ಮಾಡಲು ಮಾರ್ಚ್ ಸರಿಯಾದ ತಿಂಗಳು. ಬಜೆಟ್ ಆಸುಪಾಸಿನಲ್ಲಿ ಆರ್ಥಿಕ ಸಮೀಕ್ಷೆ ಬಂದಿರುತ್ತದೆ. ಅದರಲ್ಲಿನ ಜಿಲ್ಲಾ ಅಂಕಿ ರಾಜ್ಯದ ಅಂಕಿಗಿಂತ ಹಿಂದಿನ ವರ್ಷದ್ದು ಮತ್ತು ಮುಂದೆ ಪರಿಷ್ಕರಣೆಯಾಗುವಂಥದ್ದು. ಆದ್ದರಿಂದ ಪ್ರತಿ ಅಂಕಿಯ ಪಕ್ಕ ಅದನ್ನು ಯಾವ ಪ್ರಕಟಣೆಯಿಂದ, ಯಾವ ದಿನ ತೆಗೆದಿರಿ ಎಂದು ಬರೆದಿಡಿ, ಮತ್ತು ಹಳೆಯ ಅಂಕಿಯನ್ನು ಅಳಿಸದೆ ಹೊಸದನ್ನು ಪಕ್ಕದ ಕಲಮಿನಲ್ಲಿ ಹಾಕಿ. ಮೂಲ ವರ್ಷ 2011-12ರದ್ದೇ ಅಥವಾ ಹೊಸದೇ ಎಂಬುದನ್ನೂ ಶೀರ್ಷಿಕೆಯಲ್ಲೇ ಗುರುತಿಸಿ. ಎರಡು ಮೂಲ ವರ್ಷಗಳ ಸರಣಿಯನ್ನು ಒಂದೇ ಗೆರೆಯಲ್ಲಿ ಜೋಡಿಸಿದ ನಕ್ಷೆಯಲ್ಲಿ ಕಾಣುವ ಜಿಗಿತ ಬರೀ ಲೆಕ್ಕದ್ದಾಗಿರುತ್ತದೆ.